ಸಹಾಯ ಬೇಕು: ಕಪ್ಪೆ ಕೂಗಿಗೆ ಬೇಗ ಲೇಬಲ್ ಹಾಕೋದು ಹೇಗೆ?

ನಮಸ್ಕಾರ. ಆಗುಂಬೆ ಕಡೆ ಮಳೆಗಾಲದ ರಾತ್ರಿ ಆಡಿಯೋಮಾತ್ (ತಾನಾಗಿ ಸದ್ದು ರೆಕಾರ್ಡ್ ಮಾಡುವ ಪುಟ್ಟ ಯಂತ್ರ) ಕಟ್ಟಿ ಕಪ್ಪೆಗಳ ಕೂಗು ರೆಕಾರ್ಡ್ ಮಾಡಿದ್ದೇವೆ. ಕೂಗನ್ನು ತಾನಾಗಿ ಗುರುತಿಸುವ ಕಂಪ್ಯೂಟರ್ ಮಾಡೆಲ್ ಮಾಡಬೇಕು. ಈಗ ಆಡಾಸಿಟಿ ಅನ್ನೋ ಆಡಿಯೋ ಸಾಫ್ಟ್‌ವೇರ್‌ನಲ್ಲಿ ಸ್ಪೆಕ್ಟ್ರೋಗ್ರಾಂ (ಸದ್ದಿನ ಚಿತ್ರ) ನೋಡಿ ಪ್ರತಿ ಕೂಗಿನ ಶುರು, ಕೊನೆ ಗುರುತು ಹಾಕುತ್ತಿದ್ದೇವೆ. ತುಂಬಾ ಹೊತ್ತು ಹಿಡಿಯುತ್ತದೆ. ಜಾಸ್ತಿ ಇರೋದು ಬರೀ ಮಳೆ ಸದ್ದು. ಕಪ್ಪೆಗಳೆಲ್ಲ ಒಟ್ಟಿಗೆ ಕೂಗಿದಾಗಲಂತೂ ಒಂದು ಕೂಗು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅಂತ ತಿಳಿಯೋದೇ ಇಲ್ಲ.

3 ಸೆಕೆಂಡಿನ ತುಂಡು ಮಾಡಿ, ಕೂಗು ಇದೆಯಾ ಇಲ್ವಾ ಅಂತಷ್ಟೇ ಹಾಕಿದರೆ ಸಾಕಾ? ಬರ್ಡ್‌ನೆಟ್ (ಹಕ್ಕಿ ಕೂಗು ಗುರುತಿಸುವ ಮಾಡೆಲ್) ಬಳಸಿ ಪ್ರತಿ ತುಂಡಿನ ಎಂಬೆಡಿಂಗ್, ಅಂದರೆ ಸದ್ದಿನ ಗುಣ ಹೇಳುವ ಅಂಕಿಗಳ ಪಟ್ಟಿ, ತೆಗೆದು ಒಂದೇ ಥರದ ತುಂಡುಗಳನ್ನು ಗುಂಪು ಮಾಡಿ, ಮಾಡೆಲ್‌ಗೆ ಅನುಮಾನ ಇರುವುದನ್ನು ಮಾತ್ರ ನಾವು ಕೇಳಿ ಲೇಬಲ್ ಹಾಕೋದು ಒಳ್ಳೇದು ಅನ್ನಿಸುತ್ತದೆ. ಆದರೆ ಅಪರೂಪದ ಕಪ್ಪೆಗಳು ತಪ್ಪಿಹೋದರೆ ಅನ್ನೋದೇ ಚಿಂತೆ. ಹೀಗೆ ಮಾಡಿ ನೋಡಿದವರು ಇದ್ದರೆ ದಯವಿಟ್ಟು ತಿಳಿಸಿ.