ಚೊಗರು ಮತ್ತು ಬೇಗಡೆ: ಡ್ರ್ಯಾಗನ್ ಮೈಬಣ್ಣಕ್ಕೆ ಈ ಮಾತುಗಳು ಒಗ್ಗುತ್ತವೆಯೇ?

ಎಲ್ಲರಿಗೂ ಶಿರಸಿಯಿಂದ ನಮಸ್ಕಾರ.

ಮಕ್ಕಳಿಗಾಗಿ ಒಂದು ನೀಳ್ಗತೆ ಬರೆಯುತ್ತಿದ್ದೇನೆ. ಯಾಣದ ಕಪ್ಪು ಬಂಡೆಗಳ ನೆತ್ತಿಯಲ್ಲಿ ಗೂಡು ಕಟ್ಟಿ, ಬೇಟೆಗೆ ಅಘನಾಶಿನಿ ಅಳಿವೆಯವರೆಗೆ ಹಾರಿಬರುವ ಒಂದು ಡ್ರ್ಯಾಗನ್ ಜಾತಿ ಅದರಲ್ಲಿದೆ. ಪ್ರಾಣಿ ಕಲ್ಪನೆಯದು, ಆದರೆ ಅದರ ಚರ್ಮ ಮಾತ್ರ ನಮ್ಮ ಓತಿ, ಹಾವುಗಳ ಚರ್ಮದ ಹಾಗೆಯೇ ಕೆಲಸ ಮಾಡಬೇಕೆಂದು ಹಟ ಹಿಡಿದಿದ್ದೇನೆ. ಬಣ್ಣದ ಅಧ್ಯಾಯಕ್ಕೆ ಬಂದಾಗ ಪದ ಸಿಗದೆ ನಿಂತುಬಿಟ್ಟೆ.

ಮೊದಲು ಪ್ರಾಣಿಯ ಹೆಸರಿನ ಮಾತು ಮುಗಿಸುತ್ತೇನೆ. ಕನ್ನಡ ಬೈಬಲಿನ ಪ್ರಕಟನೆಯ ಪುಸ್ತಕದಲ್ಲಿ ‘ಘಟಸರ್ಪ’ ಇದೆ, ಒಳ್ಳೆಯ ಪದವೇ. ಆದರೆ ಮರಾಠಿಯಲ್ಲಿ ಘಟಸರ್ಪ ಎಂದರೆ ಡಿಫ್ತೀರಿಯಾ ಕಾಯಿಲೆ. ಕಾರವಾರದ ಕಡೆ ಆ ಅರ್ಥ ಬಲ್ಲವರು ಇದ್ದಾರೆ. ಹಾಗಾಗಿ ಡ್ರ್ಯಾಗನ್ ಎಂದೇ ಇಟ್ಟುಕೊಂಡೆ.

ಈಗ ಬಣ್ಣ. ಕಾಲೇಜಿನಲ್ಲಿದ್ದಾಗ ಪ್ರಯೋಗಾಲಯದ ಕಪಾಟಿನಲ್ಲಿ ಒಂದು ಗಾಜಿನ ಭರಣಿ ಇತ್ತು. ಅದರ ಚೀಟಿಯ ಮೇಲೆ ‘ಹಸಿರು ಹಾವು’ ಎಂದು ಬರೆದಿತ್ತು, ಒಳಗಿದ್ದ ಹಾವು ಮಾತ್ರ ನೀಲಿ. ಯಾರೋ ಚೀಟಿ ತಪ್ಪಿ ಅಂಟಿಸಿದ್ದಾರೆಂದೇ ಬಹಳ ದಿನ ನಂಬಿದ್ದೆ. ಚೀಟಿ ಸರಿಯಾಗಿಯೇ ಇತ್ತು. ಹಸಿರು ಹಾವಿನ ಚರ್ಮದಲ್ಲಿ ಹಸಿರು ಎಂಬ ಬಣ್ಣದ ಪದಾರ್ಥವೇ ಇಲ್ಲ. ಮೇಲಿನ ಪದರದಲ್ಲಿ ಹಳದಿ ಪದಾರ್ಥ, ಅದರ ಕೆಳಗೆ ಗ್ವಾನಿನ್ ಎಂಬ ವಸ್ತುವಿನ ತೆಳು ಹರಳುಗಳು, ತಳದಲ್ಲಿ ಮೆಲನಿನ್ ಎಂಬ ಕಪ್ಪು ಪದಾರ್ಥ. ಹರಳುಗಳು ಬೆಳಕಿನ ನೀಲಿಯನ್ನು ಹಿಂದಕ್ಕೆ ಎಸೆಯುತ್ತವೆ, ಉಳಿದ ಬೆಳಕನ್ನು ಕಪ್ಪು ಹೀರಿಕೊಳ್ಳುತ್ತದೆ, ಆ ನೀಲಿ ಹಳದಿಯನ್ನು ಹಾಯ್ದು ಬಂದಾಗ ನಮಗೆ ಹಸಿರು. ಭರಣಿಯ ದ್ರಾವಣದಲ್ಲಿ ಹಳದಿ ಕರಗಿಹೋಗಿ ನೀಲಿಯೊಂದೇ ಉಳಿದಿತ್ತು.

ಅಂದರೆ ಒಂದೇ ಮೈಯಲ್ಲಿ ಎರಡು ಥರದ ಬಣ್ಣಗಳಿವೆ. ಒಂದು ಪದಾರ್ಥದ್ದು: ಅರೆದರೂ ಕರಗಿಸಿದರೂ ಅದು ಬಣ್ಣವೇ. ಇನ್ನೊಂದು ರಚನೆಯದು: ಹರಳುಗಳ ಜೋಡಣೆ ಕೆಟ್ಟರೆ ಬಣ್ಣವೂ ಇಲ್ಲ. ನವಿಲುಗರಿಯ ನೀಲಿಯೂ ಎರಡನೆಯ ಬಗೆಯದೇ. ಗರಿಯನ್ನು ನುಣ್ಣಗೆ ಅರೆದರೆ ಕಂದು ಪುಡಿ ಸಿಗುತ್ತದೆ. ಮೊದಲನೆಯದಕ್ಕೆ ಪಠ್ಯಪುಸ್ತಕಗಳಲ್ಲಿ ‘ವರ್ಣದ್ರವ್ಯ’ ಇದೆ. ಎರಡನೆಯದಕ್ಕೆ ‘ರಚನಾತ್ಮಕ ವರ್ಣ’ ಎನ್ನಬಹುದು, ಹತ್ತು ವರ್ಷದ ಹುಡುಗಿಗೆ ಅದರಿಂದ ಏನೂ ಕಾಣುವುದಿಲ್ಲ. ಈ ಬಣ್ಣಗಳನ್ನು ಹೊತ್ತ ಚರ್ಮದ ಕೋಶಗಳಿಗೆ ‘ವರ್ಣಕೋಶ’ ಎಂದು ಹೊಸದಾಗಿ ಕಟ್ಟೋಣವೆಂದರೆ, ಮುಂದೆ ಶಾಲೆಯಲ್ಲಿ ಬರುವ ‘ವರ್ಣತಂತು’ ಕ್ರೋಮೋಸೋಮಿನ ಹೆಸರು, ಅಲ್ಲಿ ಗೊಂದಲ.

ಹಾಗಾಗಿ ನಮ್ಮ ಕಡೆಯ ಎರಡು ಮಾತುಗಳನ್ನು ತೆಗೆದುಕೊಂಡಿದ್ದೇನೆ. ಮೊದಲ ಬಗೆಗೆ ‘ಚೊಗರು’. ಅಡಿಕೆ ಸುಲಿಯುವ ಕಾಲದಲ್ಲಿ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿದಾಗ ಉಳಿಯುವ ಗಟ್ಟಿ ಕೆಂಗಂದು ನೀರೇ ಚೊಗರು. ಅಡಿಕೆಗೆ ಬಣ್ಣ ಕಟ್ಟುವುದು ಅದರಿಂದಲೇ. ಆಯಿ ಹಂಡೆಯ ಹತ್ತಿರ ನಮ್ಮನ್ನು ಬಿಡುತ್ತಿರಲಿಲ್ಲ, “ಅಂಗಿಗೆ ಚೊಗರು ತಾಗಿದ್ರೆ ಹೋಗ್ತಿಲ್ಲೆ” ಎನ್ನುತ್ತಿದ್ದಳು. ಒಳಗೆ ಇಳಿದು ಕೂರುವ ಬಣ್ಣಕ್ಕೆ ಇದಕ್ಕಿಂತ ಹತ್ತಿರದ ಮಾತು ನನಗೆ ಗೊತ್ತಿಲ್ಲ.

ಎರಡನೆಯದಕ್ಕೆ ‘ಬೇಗಡೆ’. ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಕಿರೀಟ, ಭುಜಕೀರ್ತಿಗಳನ್ನು ಹತ್ತಿರದಿಂದ ನೋಡಿದವರಿಗೆ ಇದು ಗೊತ್ತು. ಒಳಗೆ ಹಗುರ ಮರ, ಮೇಲೆ ಉಸಿರಿಗೆ ಹಾರುವಷ್ಟು ತೆಳುವಾದ, ಹೊಳೆಯುವ ತಗಡಿನ ಹಾಳೆ, ಅದೇ ಬೇಗಡೆ. ದೀಪದ ಎದುರು ವೇಷಧಾರಿ ಕತ್ತು ತಿರುಗಿಸಿದರೆ ಹೊಳಪು ಕಿರೀಟದ ಒಂದು ಅಂಚಿನಿಂದ ಇನ್ನೊಂದಕ್ಕೆ ಓಡುತ್ತದೆ. ಚರ್ಮದೊಳಗಿನ ಗ್ವಾನಿನ್ ಹರಳುಗಳು ಮಾಡುವುದೂ ಬೆಳಕಿನ ಇದೇ ಆಟ. ಬಂಗಡೆ ಮೀನಿನ ಹೊಟ್ಟೆಯ ಬೆಳ್ಳಿ ಹೊಳಪೂ ಗ್ವಾನಿನ್ ಹರಳಿನದೇ. ಹಾಗಾದರೆ ಈ ಹರಳುಗಳಿರುವ ಚರ್ಮದ ಕೋಶಗಳನ್ನು ‘ಬೇಗಡೆಕೋಶ’ ಎನ್ನಬಹುದಲ್ಲವೇ? ಮಡಗಾಸ್ಕರಿನ ಒಂದು ಗೋಸುಂಬೆ ಈ ಹರಳುಗಳ ನಡುವಿನ ಅಂತರವನ್ನೇ ಹೆಚ್ಚುಕಮ್ಮಿ ಮಾಡಿ ಬಣ್ಣ ಬದಲಿಸುತ್ತದೆಂದು 2015ರಲ್ಲಿ ಜಿನೀವಾ ವಿಶ್ವವಿದ್ಯಾಲಯದವರು ತೋರಿಸಿದರು: ಹರಳುಗಳು ಒತ್ತಾಗಿದ್ದರೆ ನೀಲಿಯ ಕಡೆಗೆ, ದೂರವಾದರೆ ಹಳದಿ, ಕೆಂಪಿನ ಕಡೆಗೆ. ನನ್ನ ಡ್ರ್ಯಾಗನ್ ಸಿಟ್ಟಿಗೆದ್ದಾಗ ‘ಬೇಗಡೆ ಸಡಿಲಿಸುತ್ತದೆ’ ಎಂದು ಬರೆದಿದ್ದೇನೆ. ಓದಲು ಸಹಜವಾಗಿದೆಯೇ, ಹೇಳಿ.

ಬಣ್ಣವನ್ನು ಹಿಗ್ಗಿಸಿ ತೋರಿಸುವ ಕ್ರಿಯೆಗೂ ಒಂದು ಮಾತು ಬೇಕು. ನಮ್ಮ ತೋಟದ ಅಡಿಕೆ ಮರದಲ್ಲಿ ಹಾರುವ ಓತಿ ಕೂತರೆ ತೊಗಟೆಗೂ ಅದಕ್ಕೂ ವ್ಯತ್ಯಾಸವೇ ತಿಳಿಯುವುದಿಲ್ಲ. ಇದ್ದಕ್ಕಿದ್ದಂತೆ ಗಂಡಿನ ಗದ್ದದ ಕೆಳಗೆ ನಿಂಬೆ ಹಳದಿಯ ಚೂಪು ಪಟ್ಟಿಯೊಂದು ಚಾಚಿ, ಮಡಚಿ, ಮತ್ತೆ ಚಾಚುತ್ತದೆ. ‘ಪ್ರದರ್ಶನ’ ಎಂದರೆ ಈ ಚುರುಕು ಸತ್ತುಹೋಗುತ್ತದೆ. ‘ಬಾವುಟ ಬಿಡುವುದು’ ಎಂದು ಸದ್ಯಕ್ಕೆ ಬರೆದಿಟ್ಟಿದ್ದೇನೆ, ಮನಸ್ಸು ಒಪ್ಪಿಲ್ಲ.

ಕೊನೆಯ ತೊಡಕು ಕರಾವಳಿಯದು. ಕೆಂಪು, ಕಿತ್ತಳೆ ಬಣ್ಣ ಕೊಡುವ ಕೆರೊಟಿನಾಯ್ಡು ಎಂಬ ವರ್ಣದ್ರವ್ಯಗಳನ್ನು ಬೆನ್ನೆಲುಬಿನ ಪ್ರಾಣಿಗಳು ತಾವೇ ತಯಾರಿಸಲಾರವು, ತಿಂದೇ ಪಡೆಯಬೇಕು. ಆದ್ದರಿಂದ ಅಳಿವೆಯಲ್ಲಿ ಏಡಿ, ಶೆಟ್ಲಿ (ಸಿಗಡಿ) ತಿನ್ನುವ ಡ್ರ್ಯಾಗನ್‌ಗಳು ಕೆಂಪು, ಘಟ್ಟದ ಮೇಲೆಯೇ ಉಳಿದವು ಹಸಿರು. ಹಸಿ ಶೆಟ್ಲಿ ಬೂದು ಬಣ್ಣದ್ದು. ಬಿಸಿ ತಾಗಿದ ಕೂಡಲೇ, ಪ್ರೋಟೀನಿನ ಹಿಡಿತದಲ್ಲಿದ್ದ ಕೆಂಪು ಬಿಡುಗಡೆಯಾಗುತ್ತದೆ. ಇದನ್ನು ‘ಬಣ್ಣ ಬಿಡುತ್ತದೆ’ ಎಂದರೆ ಸೀರೆಯ ಬಣ್ಣ ಹೋದ ಹಾಗೆ ಕೇಳುತ್ತದೆ. ‘ಬಣ್ಣ ತಿರುಗುತ್ತದೆ’ ಎಂದರೆ ಮಾವಿನಕಾಯಿ ನೆನಪಾಗುತ್ತದೆ. ಕುಮಟಾ, ಅಂಕೋಲೆಯ ಅಡುಗೆಮನೆಗಳಲ್ಲಿ ಈ ಗಳಿಗೆಗೆ ಏನನ್ನುತ್ತಾರೆ?

ಕತೆಯ ಒಂದು ವಾಕ್ಯವನ್ನು ಇಲ್ಲಿ ಇಡುತ್ತೇನೆ: “ಮುದಿ ಡ್ರ್ಯಾಗನ್ನಿನ ಚೊಗರು ಇಳಿದುಹೋಗಿತ್ತು, ಬೇಗಡೆಯೊಂದೇ ಉಳಿದು, ಕಪ್ಪು ಬಂಡೆಯ ಮೇಲೆ ಅದು ನೀಲಿಯಾಗಿ ಮಲಗಿತ್ತು.” ಚೊಗರು ಎಂದರೆ ಒಗರು ರುಚಿ ಎಂಬ ಅರ್ಥವೂ ಇದೆ. ಅಡಿಕೆ ಬೇಯಿಸದ ಊರಿನವರು, ಮೈಸೂರು, ಕಲಬುರಗಿ ಕಡೆಯವರು, ದಯವಿಟ್ಟು ಹೇಳಿ: ಈ ವಾಕ್ಯದಲ್ಲಿ ಅದು ನಿಮಗೆ ನಾಲಿಗೆಗೆ ತಾಗಿತೋ, ಕಣ್ಣಿಗೆ ಕಂಡಿತೋ?