ಗಿರಣಿಯ ಕಡತ, ಬೀದಿಯ ಫಲಕ, ಮನೆಯ ಬಾಡಿಗೆ: ದಾವಣಗೆರೆಗೆ ಬರುವವರೊಬ್ಬರಿಗೆ ಅನುಭವಸ್ಥರ ಮಾತು

ಕೇಳಿದವರು, ಬೆಂಗಳೂರಿನಿಂದ:

ದಾವಣಗೆರೆಯ ಹತ್ತಿ ಗಿರಣಿ ಕಾರ್ಮಿಕರ ಹೋರಾಟದ ದಾಖಲೆ ಹುಡುಕುತ್ತಿದ್ದೇನೆ. ವಿಶ್ವವಿದ್ಯಾಲಯದ ನೆರಳಿಲ್ಲ, ಫೆಲೋಶಿಪ್ ಇಲ್ಲ. ಇಲ್ಲಿ ಮನೆಗೆಲಸದ ಹೆಂಗಸರ ಸಂಘಟನೆಯಲ್ಲಿ ಐದು ವರ್ಷ ದುಡಿದೆ. ಈಗ ಬಾಡಿಗೆ ಕಟ್ಟಲಾಗದೆ ಮುಂದಿನ ತಿಂಗಳು ಊರು ಬಿಡುತ್ತಿದ್ದೇನೆ. ಕೈಯಲ್ಲಿ 40,000 ರೂಪಾಯಿ ಇದೆ. ದಾವಣಗೆರೆಯಲ್ಲಿ ಮನೆ ಮಾಡಲೋ, ಚಿತ್ರದುರ್ಗದಲ್ಲೋ? ಹೋರಾಟ, ಸಂಶೋಧನೆ, ಹೊಟ್ಟೆಪಾಡು ಮೂರನ್ನೂ ಹೇಗೆ ನಿಭಾಯಿಸಿದಿರಿ? ಯಾವುದನ್ನಾದರೂ ಕೈಬಿಟ್ಟಿರಾ?

ದಾವಣಗೆರೆಯಿಂದ ಒಬ್ಬರು:

ತಂಗಿ, ಹನ್ನೊಂದು ವರ್ಷದ ಹಿಂದೆ ನಾನೂ ಇದೇ ದಾರಿಯಲ್ಲಿ ಬಂದವಳು. ದಾವಣಗೆರೆಯಲ್ಲೇ ಮನೆ ಮಾಡಿ, ನಿಮಗೆ ಬೇಕಾದ ಕಾಗದ ಚಿತ್ರದುರ್ಗದಲ್ಲಿದ್ದರೂ ಸರಿ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿಯವರೆಗೆ ಇದು ಚಿತ್ರದುರ್ಗ ಜಿಲ್ಲೆಯೊಳಗಿನ ತಾಲ್ಲೂಕು. ಇಷ್ಟು ಸರಳ ಸಂಗತಿ ತಲೆಗೆ ಹೊಳೆಯದೆ ನಾನು ಇಲ್ಲಿ ಮೂರು ತಿಂಗಳು ಮೆಟ್ಟಿಲು ಸವೆಸಿದೆ. ಹುಡುಕುತ್ತಿದ್ದ ಮುಷ್ಕರದ ಪತ್ರವ್ಯವಹಾರ ಕೊನೆಗೆ ಸಿಕ್ಕಿದ್ದು ಚಿತ್ರದುರ್ಗದಲ್ಲಿ. ಆದರೂ ಸುಮಾರು 60 ಕಿಲೋಮೀಟರ್ ದೂರಕ್ಕೆ ವಾರಕ್ಕೊಮ್ಮೆ ಹೋಗಿ ಬರಬಹುದು, ಸಂಪಾದನೆಯಿಲ್ಲದ ಊರಿನಲ್ಲಿ ಕುಳಿತು ಕಡತ ಓದಲಾಗುವುದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲಂತೂ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಚಿಂತೆ ಇಲ್ಲ. ಈ ದಾರಿಯಲ್ಲಿ ಖಾಸಗಿ ಬಸ್ಸುಗಳೂ ಓಡುತ್ತವೆ, ಅವಸರದಲ್ಲಿ ಅದನ್ನು ಹತ್ತಿ ದುಡ್ಡು ಕಳೆಯಬೇಡಿ.

ದಾವಣಗೆರೆ ಕಾಲೇಜುಗಳ ಊರು. ಪ್ರಬಂಧಗಳ ಕನ್ನಡ ಬೆರಳಚ್ಚು, ಕರಡು ತಿದ್ದುವುದು, ಸಂಜೆ ಮಕ್ಕಳಿಗೆ ಪಾಠ, ಇವೇ ನನ್ನ ಅಕ್ಕಿಬೇಳೆಗೆ ದಾರಿಯಾದವು. ಹಗಲಿನ ಹೊತ್ತನ್ನು ಮಾತ್ರ ಯಾರಿಗೂ ಮಾರಿಕೊಳ್ಳಬೇಡಿ, ಕಚೇರಿಗಳು ತೆರೆದಿರುವುದು ಆಗಲೇ. ತೀರಾ ಬಿಗಿಯಾದ ತಿಂಗಳಲ್ಲಿ ಇಂದಿರಾ ಕ್ಯಾಂಟೀನಿನ 10 ರೂಪಾಯಿ ಊಟ, ರಾತ್ರಿ ಮಂಡಕ್ಕಿ. ಬೆಣ್ಣೆ ದೋಸೆ ಬೆರಳಚ್ಚಿನ ದುಡ್ಡು ಬಂದ ದಿನಕ್ಕೆ ಮೀಸಲು.

ನೀವು ಕೇಳದೆ ಬಿಟ್ಟದ್ದನ್ನೂ ಹೇಳುತ್ತೇನೆ, ಏಕೆಂದರೆ ನಾನು ಮುಗ್ಗರಿಸಿದ್ದು ಅಲ್ಲೇ. ಬೆಳಿಗ್ಗೆ ಯಾವ ಕಚೇರಿಯಲ್ಲಿ ಕೈಮುಗಿದು ಕಡತ ಕೇಳುತ್ತೇವೋ ಸಂಜೆ ಅದರ ಮುಂದೆಯೇ ಘೋಷಣೆ ಕೂಗಬೇಕಾಗಿ ಬರುತ್ತದೆ. ಒಮ್ಮೆ ಜಯದೇವ ವೃತ್ತದಲ್ಲಿ ಫಲಕ ಹಿಡಿದು ನಿಂತಿದ್ದಾಗ ಒಂದು ಕಚೇರಿಯ ಗುಮಾಸ್ತರು ಸ್ಕೂಟರ್ ನಿಧಾನ ಮಾಡಿ ನನ್ನನ್ನೇ ನೋಡಿ ಹೋದರು. ಅದಕ್ಕೂ ಹಿಂದಿನ ದಿನ ನಾನು ಅರ್ಧ ಓದಿ ಗುರುತಿಟ್ಟಿದ್ದ ಕಡತ ಮರುದಿನದಿಂದ ‘ಸಿಗುತ್ತಿಲ್ಲ’. ನಾಲ್ಕು ತಿಂಗಳು ಸಿಗಲಿಲ್ಲ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದೆ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಉದ್ದನೆಯ ಪತ್ರ ಬರೆದು ತಿರಸ್ಕೃತಳಾಗಿ ಅದನ್ನೂ ಕಲಿತೆ. ಅರ್ಜಿಯ ಶುಲ್ಕಕ್ಕೆಂದು 10 ರೂಪಾಯಿಯ ಪೋಸ್ಟಲ್ ಆರ್ಡರುಗಳ ಒಂದು ಕಟ್ಟು ಮನೆಯಲ್ಲಿ ಇಟ್ಟುಕೊಂಡಿರಿ. ಫಲಕ ಹಿಡಿಯುವುದನ್ನು ನಾನು ಬಿಡಲಿಲ್ಲ. ಆದರೆ ಅವತ್ತಿನಿಂದ ಓದಿದ ಪುಟದ ಟಿಪ್ಪಣಿಯನ್ನು ಅಲ್ಲೇ ಕುಳಿತು ಪೂರ್ತಿ ಬರೆದುಕೊಳ್ಳುತ್ತೇನೆ, ‘ನಾಳೆ ಬಂದು ಬರೆಯೋಣ’ ಎನ್ನುವುದಿಲ್ಲ.

ನನ್ನ ಕೇಳಿದರೆ, ಮೊದಲ ಆರು ತಿಂಗಳು ಕಡತಕ್ಕಿಂತ ಹಳೆಯ ಕಾರ್ಮಿಕರ ಮನೆಗಳಿಗೆ ಹೋಗಿ. ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ವಿಧಾನಸಭೆಗೆ ಕಳುಹಿಸಿದ ಊರು ಇದು. ಆ ಕಾರ್ಮಿಕರ ಟ್ರಂಕಿನ ತಳದಲ್ಲಿ ಕರಪತ್ರ, ಪಿ.ಎಫ್. ಚೀಟಿ, ಗೇಟ್ ಪಾಸು ಇನ್ನೂ ಇವೆ. ಅವರಿಗೆಲ್ಲ ಎಂಬತ್ತರ ಹತ್ತಿರ ವಯಸ್ಸು. ಸರ್ಕಾರಿ ಕಡತ ಎಲ್ಲಿಗೆ ಹೋಗುತ್ತದೆ, ಇದ್ದಲ್ಲೇ ಇರುತ್ತದೆ.

ನಿವೃತ್ತ ನೌಕರರೊಬ್ಬರು:

‘ಇದ್ದಲ್ಲೇ ಇರುತ್ತದೆ’ ಎಂಬ ಮಾತನ್ನು ಮಾತ್ರ ನಂಬಬೇಡಮ್ಮ. ಮೂವತ್ತು ವರ್ಷ ಕಡತಗಳ ನಡುವೆಯೇ ಕೆಲಸ ಮಾಡಿದವನು ನಾನು. ಪ್ರತಿ ಕಡತಕ್ಕೂ ಒಂದು ವರ್ಗ ಇರುತ್ತದೆ. ಕೆಲವನ್ನು ಶಾಶ್ವತವಾಗಿ ಇಡುತ್ತಾರೆ, ಉಳಿದವನ್ನು ಅವಧಿ ಮುಗಿದ ಮೇಲೆ ನಾಶ ಮಾಡುತ್ತಾರೆ, ಅದು ನಿಯಮವೇ. ಮುಷ್ಕರದ ಕಾಗದ ಬರೆದ ಗುಮಾಸ್ತನಿಗೆ ಅದು ಇತಿಹಾಸವಾಗುತ್ತದೆ ಎಂದು ಗೊತ್ತಿತ್ತೇ? ಆದ್ದರಿಂದ ಹೋದ ಮೊದಲ ದಿನ ಕಡತ ಕೇಳಬೇಡ, ಹಳೆಯ ರಿಜಿಸ್ಟರುಗಳನ್ನು ಕೇಳು. ಸಂಖ್ಯೆ, ವರ್ಷ, ವಿಷಯ ಬರೆದುಕೊಂಡು ಹೋದವರಿಗೆ ರೆಕಾರ್ಡ್ ರೂಮಿನವರು ಎದ್ದು ಹುಡುಕುತ್ತಾರೆ. ‘ಕಾರ್ಮಿಕರ ಬಗ್ಗೆ ಏನಾದರೂ ಇದೆಯೇ’ ಎಂದರೆ ಯಾರು ಏಳುತ್ತಾರೆ? ನಾಶಪಡಿಸಿದ್ದರೆ ಅದರ ಪಟ್ಟಿಯನ್ನೇ ಅರ್ಜಿ ಹಾಕಿ ಕೇಳು, ಏನೇನು ಇತ್ತು ಎನ್ನುವುದಾದರೂ ತಿಳಿಯುತ್ತದೆ.

ಇನ್ನೊಂದು. ಗಿರಣಿಗೆ ದುಡಿಯಲು ಬಂದವರು ಸುತ್ತಲಿನ ತಾಲ್ಲೂಕುಗಳವರು. ಹೊನ್ನಾಳಿ, ಚನ್ನಗಿರಿ 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಹರಪನಹಳ್ಳಿ ಬಳ್ಳಾರಿಯಿಂದ ದಾವಣಗೆರೆಗೆ ಬಂತು, 2018ರಲ್ಲಿ ಬಳ್ಳಾರಿಗೆ ಮರಳಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹರಪನಹಳ್ಳಿಯ ಕಾಗದ 1953ಕ್ಕಿಂತ ಹಿಂದಿನದು ಬೇಕೆಂದರೆ ಅದು ಮದ್ರಾಸ್ ಆಡಳಿತದ ಕಾಲ, ಚೆನ್ನೈಯಲ್ಲೂ ಕೇಳಬೇಕಾಗುತ್ತದೆ. ಬೆಂಗಳೂರು ಬಿಡುವ ಮೊದಲು ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದ ಕೆಲಸ ಮುಗಿಸಿಕೊಂಡು ಬಾ. ಆಮೇಲೆ ಅದಕ್ಕೆಂದೇ 260 ಕಿಲೋಮೀಟರ್ ಹೋಗಬೇಕು.

ಚಿತ್ರದುರ್ಗದಿಂದ ಒಬ್ಬರು:

ನಾನು ಹೋರಾಟವನ್ನು ಎರಡು ವರ್ಷ ಬಿಟ್ಟಿದ್ದೆ. ಸಾಲ ತೀರಿಸಬೇಕಿತ್ತು. ಸಂಗಾತಿಗಳು ಮಾತು ಬಿಟ್ಟರು, ಆಮೇಲೆ ಅವರೇ ಮಾತಾಡಿಸಿದರು. ಮೂರನ್ನೂ ಒಟ್ಟಿಗೆ ಎಳೆದವರನ್ನು ನಾನಂತೂ ಕಂಡಿಲ್ಲ. ಹೊಸ ಊರಿಗೆ ಬಂದ ಕೂಡಲೇ ಸಂಘಟನೆಯ ಪದಾಧಿಕಾರಿಯಾಗಬೇಡಿ, ಒಂದು ವರ್ಷ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ಪುಸ್ತಕಗಳನ್ನು ಸಣ್ಣ ಸಣ್ಣ ಪೆಟ್ಟಿಗೆಗೆ ತುಂಬಿ. ದೊಡ್ಡದಕ್ಕೆ ತುಂಬಿ ಹಮಾಲರಿಂದ ಬೈಸಿಕೊಂಡವನ ಮಾತಿದು.

ಕೇಳಿದವರು:

ಅಕ್ಕ, ಮನೆ ದಾವಣಗೆರೆಯಲ್ಲೇ ನೋಡುತ್ತೇನೆ. ಪತ್ರಾಗಾರಕ್ಕೆ ನಾಳೆಯಿಂದಲೇ ಹೋಗುತ್ತೇನೆ, ಇಲ್ಲಿ ಇನ್ನು ಉಳಿದಿರುವುದು ಇಪ್ಪತ್ತೆರಡು ದಿನ. ಹಿರಿಯರಲ್ಲಿ ಒಂದು ಪ್ರಶ್ನೆ: ನಾಶಪಡಿಸಿದ ಕಡತಗಳ ಪಟ್ಟಿಯನ್ನು ಕೇಳುವಾಗ ಅರ್ಜಿಯಲ್ಲಿ ವರ್ಷವೊಂದನ್ನೇ ಬರೆದರೆ ಸಾಕೇ, ಶಾಖೆಯ ಹೆಸರೂ ಬೇಕೇ?