ಸಾಂಬಾ ಶೇರ್ ಮೌಂಟ್ ಆಗುತ್ತದೆ, ಫೈಲ್ ಓದಬಹುದು, ಬರೆಯಲು ಮಾತ್ರ ಆಗುತ್ತಿಲ್ಲ

ಪ್ರಶ್ನೆ:
ಲಿನಕ್ಸ್ ಸರ್ವರ್‌ನಲ್ಲಿ ಸಾಂಬಾ (ನೆಟ್‌ವರ್ಕ್‌ನಲ್ಲಿ ಫೋಲ್ಡರ್ ಹಂಚುವ ಸಾಫ್ಟ್‌ವೇರ್) ಹಾಕಿ ಬ್ಯಾಕಪ್‌ಗೆ ಒಂದು ಶೇರ್, ಅಂದರೆ ಹಂಚಿದ ಫೋಲ್ಡರ್ ಮಾಡಿದ್ದೇನೆ. ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟರೆ ತಕರಾರಿಲ್ಲದೆ ಮೌಂಟ್ ಆಗುತ್ತದೆ, ಅಂದರೆ ಲ್ಯಾಪ್‌ಟಾಪ್‌ನದೇ ಫೋಲ್ಡರ್ ಹಾಗೆ ಬಂದು ಕೂರುತ್ತದೆ. ಹಳೆಯ ಫೈಲ್‌ಗಳೆಲ್ಲ ತೆರೆಯುತ್ತವೆ. ಹೊಸದು ಹಾಕಲು ಹೋದರೆ 'ಪರ್ಮಿಷನ್ ಡಿನೈಡ್'. ರೂಟ್ (ಎಲ್ಲ ಅಧಿಕಾರ ಇರುವ ಅಡ್ಮಿನ್ ಅಕೌಂಟ್) ಆಗಿ ಮಾಡಿದರೂ ಅದೇ ಕಥೆ. ಸಾಂಬಾದ ಕಾನ್ಫಿಗ್‌ನಲ್ಲಿ 'ರೀಡ್ ಓನ್ಲಿ = ನೋ' (ಬರೆಯಲೂಬಹುದು) ಅಂತಲೇ ಇದೆ. ವಿಂಡೋಸ್ ಅಂತೂ ಶೇರ್ ತೆರೆಯುವುದೇ ಇಲ್ಲ. ಫೋಲ್ಡರ್‌ಗೆ 777 (ಯಾರು ಬೇಕಾದರೂ ಓದಿ ಬರೆಯುವ ಅನುಮತಿ) ಕೊಟ್ಟುಬಿಡಲೇ?

ಉತ್ತರ:
777 ಬೇಡ ಮಾರಾಯರೇ. ಆಮೇಲೆ ಯಾವ ಫೈಲ್ ಯಾರದ್ದು ಅಂತ ಹುಡುಕುತ್ತಾ ಕೂರಬೇಕಾಗುತ್ತದೆ.

ರೂಟ್‌ಗೂ ಆಗುತ್ತಿಲ್ಲ ಅಂದರೆ ತಡೆಯುತ್ತಿರುವುದು ಸರ್ವರ್. ನೀವು ನಿಮ್ಮ ಹೆಸರಲ್ಲಿ ಒಳಗೆ ಹೋಗುತ್ತಲೇ ಇಲ್ಲ ಅಂತ ನನ್ನ ಅನುಮಾನ. ಮೌಂಟ್ ಇರುವಾಗಲೇ ಸರ್ವರ್‌ನಲ್ಲಿ ಸುಡೋ (ರೂಟ್ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಹಾಕಿ 'ಎಸ್‌ಎಂಬಿಸ್ಟೇಟಸ್' ಕೊಡಿ, ಯಾರು ಒಳಗಿದ್ದಾರೆ ಅಂತ ತೋರಿಸುತ್ತದೆ. ಯೂಸರ್‌ನೇಮ್ ಕಾಲಂನಲ್ಲಿ ಏನಿದೆ?

ಪ್ರಶ್ನೆ ಕೇಳಿದವರು:
'ನೋಬಡಿ' ಅಂತಿದೆ! ಸುಮ್ನೆ ಪಾಸ್‌ವರ್ಡ್ ಜಾಗದಲ್ಲಿ ಏನೇನೋ ಕುಟ್ಟಿ ನೋಡಿದೆ, ಆಗಲೂ ಮೌಂಟ್ ಆಯಿತು. ಇದೆಂಥ ಬೀಗ?

ಉತ್ತರ:
ಕಾನ್ಫಿಗ್‌ನಲ್ಲಿ 'ಮ್ಯಾಪ್ ಟು ಗೆಸ್ಟ್ = ಬ್ಯಾಡ್ ಯೂಸರ್' ಅನ್ನುವ ಸಾಲು ಇರಬೇಕು, ನೋಡಿ. ಗೊತ್ತಿಲ್ಲದ ಹೆಸರು ಬಂದರೆ ಸಾಂಬಾ ಬಾಗಿಲು ಹಾಕುವುದಿಲ್ಲ, 'ನೋಬಡಿ' ಅನ್ನುವ ಗೆಸ್ಟ್ ಮಾಡಿ ಒಳಗೆ ಕೂರಿಸುತ್ತದೆ. ಆ ಗೆಸ್ಟ್‌ಗೆ ನಿಮ್ಮ ಫೋಲ್ಡರ್‌ನಲ್ಲಿ ಬರೆಯುವ ಹಕ್ಕಿಲ್ಲ. ಲಿನಕ್ಸ್‌ನಲ್ಲಿ ನಿಮ್ಮ ಅಕೌಂಟ್ ಇದ್ದರೆ ಸಾಲದು, ಸಾಂಬಾದ ಪಾಸ್‌ವರ್ಡ್ ಪಟ್ಟಿಯೇ ಬೇರೆ. ಹೊಸ ವಿಂಡೋಸ್‌ಗಳು ಹೆಚ್ಚಾಗಿ ಇಂಥ ಗೆಸ್ಟ್ ಲಾಗಿನ್ ಒಪ್ಪುವುದಿಲ್ಲ. ಅದು ಮೊದಲೇ ಸುಳಿವು ಕೊಟ್ಟಿತ್ತು, ಅಲ್ವಾ?

'ಎಸ್‌ಎಂಬಿಪಾಸ್‌ಡಬ್ಲ್ಯುಡಿ' ಕಮಾಂಡ್‌ಗೆ 'ಹೈಫನ್ ಎ' ಸೇರಿಸಿ ನಿಮ್ಮ ಹೆಸರು ಕೊಡಿ, ಪಾಸ್‌ವರ್ಡ್ ಇಡಿ. ಆ ಗೆಸ್ಟ್ ಸಾಲನ್ನು 'ನೆವರ್' ಮಾಡಿ ಸಾಂಬಾ ರೀಸ್ಟಾರ್ಟ್ ಮಾಡಿ. ಇನ್ನು ಮೇಲೆ ತಪ್ಪಾದರೆ ಮುಖಕ್ಕೆ ಹೊಡೆದಂತೆ ಹೇಳುತ್ತದೆ.

ಪ್ರಶ್ನೆ ಕೇಳಿದವರು:
ಹೇಳಿತು! ಮೊದಲ ಸಲ ಪಾಸ್‌ವರ್ಡ್ ತಪ್ಪಿತು, 'ಮೌಂಟ್ ಎರರ್ 13' ಬಂತು. ಎರರ್ ನೋಡಿ ಖುಷಿಪಟ್ಟಿದ್ದು ಇದೇ ಮೊದಲು. ಈಗ ಕಾಲಂನಲ್ಲಿ ನನ್ನ ಹೆಸರಿದೆ, ವಿಂಡೋಸ್‌ನಿಂದ ಬರೆಯಬಹುದು. ಲ್ಯಾಪ್‌ಟಾಪ್‌ನಲ್ಲಿ ರೂಟ್‌ಗೆ ಆಗುತ್ತದೆ, ನನಗೆ ಮಾತ್ರ ಇಲ್ಲ.

ಉತ್ತರ:
ಹಾಗಾದರೆ ಸರ್ವರ್ ಸರಿಹೋಯಿತು. ಈಗ ಅಡ್ಡ ಬಂದಿರುವುದು ನಿಮ್ಮ ಲ್ಯಾಪ್‌ಟಾಪ್. ಸುಡೋ ಹಾಕಿ ಮೌಂಟ್ ಮಾಡಿದ್ದರಿಂದ ಅಲ್ಲಿ ಎಲ್ಲವೂ ರೂಟ್‌ನ ಫೈಲ್‌ಗಳ ಹಾಗೆ ಕಾಣುತ್ತವೆ. 'ಐಡಿ' ಅಂತ ಟೈಪ್ ಮಾಡಿ ನಿಮ್ಮ ನಂಬರ್ ನೋಡಿಕೊಳ್ಳಿ, ಸಾಮಾನ್ಯವಾಗಿ 1000. ಮೌಂಟ್ ಆಪ್ಷನ್‌ಗಳಲ್ಲಿ ಯುಐಡಿ (ಯೂಸರ್ ನಂಬರ್), ಜಿಐಡಿ (ಗ್ರೂಪ್ ನಂಬರ್) ಎರಡಕ್ಕೂ ನಿಮ್ಮ ನಂಬರ್ ಕೊಡಿ. ಅನ್‌ಮೌಂಟ್ ಮಾಡಿಯೇ ಮತ್ತೆ ಮೌಂಟ್ ಮಾಡಿ.

ಪ್ರಶ್ನೆ ಕೇಳಿದವರು:
ಆಯಿತು, ಬ್ಯಾಕಪ್ ಓಡುತ್ತಿದೆ.